ಬೆಲ್ಟ್ ಹಾಕಿದವರೇ ಪ್ರೆಸಿಡೆಂಟಾ?

"ಅಪ್ಪ, ಇವರಿಬ್ಬರಲ್ಲಿ ಪ್ರೆಸಿಡೆಂಟ್ ಯಾರು?"

ಹೋದ ಭಾನುವಾರ ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿರುವ ನಿಕ್ಸನ್ ಲೈಬ್ರರಿ ಎಂಬ ಮ್ಯೂಸಿಯಂನಲ್ಲಿ ನನ್ನ ಒಂಬತ್ತು ವರ್ಷದ ಮಗ ಕೇಳಿದ ಪ್ರಶ್ನೆ ಇದು. ಅದೂ ಇಂಗ್ಲಿಷಿನಲ್ಲಿ, ಜೋರಾಗಿ. ಪಕ್ಕದಲ್ಲಿದ್ದ ನಾಲ್ಕೈದು ಮಂದಿ ತಿರುಗಿ ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ಮಗನ ಮುಖ ನೋಡಿದರೆ ಅವನು ತಮಾಷೆಗೆ ಕೇಳಿರಲೇ ಇಲ್ಲ.

ಆ ಫೋಟೊ ನೀವೂ ಎಲ್ಲೋ ನೋಡಿರುತ್ತೀರಿ. 1970ರ ಡಿಸೆಂಬರ್ 21ರಂದು ವೈಟ್ ಹೌಸ್‌ನಲ್ಲಿ ತೆಗೆದದ್ದು. ಸಾಲು ಬಾವುಟಗಳ ಮುಂದೆ ಇಬ್ಬರು ಕೈ ಕುಲುಕುತ್ತಿದ್ದಾರೆ. ಒಬ್ಬರು ಸೂಟು ತೊಟ್ಟು, ಸಾಲ ಕೊಡಲು ಮನಸ್ಸಿಲ್ಲದ ಬ್ಯಾಂಕ್ ಮ್ಯಾನೇಜರ್ ತರಹ ನಿಂತಿದ್ದಾರೆ. ಇನ್ನೊಬ್ಬರು ಭುಜದ ಮೇಲೆ ವೆಲ್ವೆಟ್ ಕೋಟು ಇಳಿಬಿಟ್ಟು, ಸೊಂಟಕ್ಕೆ ತಟ್ಟೆಯಷ್ಟು ಅಗಲದ ಹೊಂಬಣ್ಣದ ಬೆಲ್ಟ್ ಕಟ್ಟಿದ್ದಾರೆ. ಮೊದಲನೆಯವರು ಆಗಿನ ಪ್ರೆಸಿಡೆಂಟ್ ರಿಚರ್ಡ್ ನಿಕ್ಸನ್, ಎರಡನೆಯವರು ಹಾಡುಗಾರ ಎಲ್ವಿಸ್ ಪ್ರೆಸ್ಲಿ.

"ನಿಂಗೇನನ್ಸುತ್ತೆ?" ಎಂದೆ.

ಮಗ ಎಲ್ವಿಸ್ ಕಡೆ ಬೆರಳು ಮಾಡಿದ. "ಬೆಲ್ಟ್ ಇದೆಯಲ್ಲ? ಗೆದ್ದವರಿಗೆ ತಾನೆ ಬೆಲ್ಟ್ ಕೊಡೋದು?"

ಟಿವಿ ಕುಸ್ತಿ ನೋಡಿ ಕಲಿತ ಲೆಕ್ಕ ಅದು. ಆದರೆ ಅರ್ಧ ಸರಿಯೇ. ಮನೆಗೆ ಬಂದು ಹುಡುಕಿದರೆ, ಲಾಸ್ ವೇಗಸ್‌ನ ಹೋಟೆಲೊಂದು ಎಲ್ವಿಸ್ ಕಾರ್ಯಕ್ರಮಕ್ಕೆ ದಾಖಲೆ ಜನ ಬಂದರೆಂದು ಕೊಟ್ಟ ಬೆಲ್ಟ್ ಅದು. ಹೆಚ್ಚು ಜನ ಸೇರಿಸಿದವರಿಗೆ ಸಿಗುವ ಬಹುಮಾನ! ಮಗನ ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. ಹೋದ ಕ್ರಿಸ್‌ಮಸ್ ರಜೆಯಲ್ಲಿ ಅವನು ಹೋಮ್ ಅಲೋನ್ 2 ನೋಡುತ್ತಿದ್ದ. 1992ರ ಸಿನಿಮಾ. ದಾರಿ ತಪ್ಪಿದ ಹುಡುಗ ನ್ಯೂಯಾರ್ಕಿನ ದೊಡ್ಡ ಹೋಟೆಲೊಂದರಲ್ಲಿ ಲಾಬಿ ಎಲ್ಲಿ ಎಂದು ಒಬ್ಬರನ್ನು ಕೇಳುತ್ತಾನೆ. ಅವರು ದಾರಿ ಹೇಳಿ ಮುಂದೆ ಹೋಗುತ್ತಾರೆ. "ಅರೆ, ಪ್ರೆಸಿಡೆಂಟ್!" ಎಂದು ಮಗ ಸೋಫಾದಿಂದ ನೆಗೆದಿದ್ದ. ಹೌದು, ಅವರು ಡೊನಾಲ್ಡ್ ಟ್ರಂಪ್. ಆಗ ಆ ಹೋಟೆಲ್ ಅವರದೇ. ಸಿನಿಮಾದಲ್ಲಿ ಬಂದುಹೋಗುವವರು ಪ್ರೆಸಿಡೆಂಟ್ ಆಗಬಹುದಾದರೆ, ಬೆಲ್ಟ್ ಕಟ್ಟಿದವರು ಯಾಕಾಗಬಾರದು?

ಫೋಟೊದ ಹಿಂದಿನ ಕಥೆ ಮಾತ್ರ ಯಾವ ಚಿತ್ರಕಥೆಗೂ ಕಡಿಮೆಯಿಲ್ಲ. ಎಲ್ವಿಸ್ ವಿಮಾನ ಕಂಪನಿಯ ಕಾಗದದಲ್ಲಿ ಆರು ಪುಟದ ಪತ್ರ ಬರೆದು, ಬೆಳಬೆಳಿಗ್ಗೆ ತಾವೇ ವೈಟ್ ಹೌಸ್ ಗೇಟಿಗೆ ಹೋಗಿ ಕೊಟ್ಟರು. ಮಾದಕ ವಸ್ತುಗಳ ವಿರುದ್ಧ ದೇಶಸೇವೆ ಮಾಡುತ್ತೇನೆ, ನನ್ನನ್ನು ಫೆಡರಲ್ ಏಜೆಂಟ್ ಮಾಡಿ ಎಂಬುದು ಬೇಡಿಕೆ. ಅವರಿಗೆ ಪೊಲೀಸ್ ಬ್ಯಾಡ್ಜ್ ಕೂಡಿಡುವ ಹುಚ್ಚು. ಅಂದೇ ಭೇಟಿಗೆ ಕರೆ ಬಂತು. ಉಡುಗೊರೆಗೆಂದು ಒಂದು ಪಿಸ್ತೂಲನ್ನೂ ತೆಗೆದುಕೊಂಡು ಹೋಗಿದ್ದರು! ಎಲ್ವಿಸ್ ವೇಷ ನೋಡಿ ನಿಕ್ಸನ್, ನಿಮ್ಮ ಬಟ್ಟೆ ಸ್ವಲ್ಪ ವಿಚಿತ್ರ ಅಲ್ವಾ ಎಂದರಂತೆ. ಎಲ್ವಿಸ್, ನಿಮ್ಮ ಷೋ ನಿಮಗೆ, ನನ್ನ ಷೋ ನನಗೆ ಎಂದರಂತೆ. ಆ ದಿನ ಕೋಣೆಯಲ್ಲಿದ್ದ ಅಧಿಕಾರಿಯೊಬ್ಬರು ಮುಂದೆ ನೆನಪಿಸಿಕೊಂಡ ಮಾತಿದು. ಕೊನೆಗೆ ಬ್ಯಾಡ್ಜ್ ಸಿಕ್ಕಿತು. ಎಲ್ವಿಸ್ ಪ್ರೆಸಿಡೆಂಟರನ್ನು ತಬ್ಬಿಕೊಂಡೇಬಿಟ್ಟರು.

ನನಗೆ ಇದರಲ್ಲಿ ನಗು ಬರುವುದಕ್ಕಿಂತ ಅಯ್ಯೋ ಅನ್ನಿಸುವುದೇ ಜಾಸ್ತಿ. ಊರೆಲ್ಲ ಹುಚ್ಚೆದ್ದು ಕುಣಿಯುವ ಹಾಡುಗಾರನಿಗೆ ಒಂದು ಸರ್ಕಾರಿ ಬಿಲ್ಲೆ ಬೇಕಿತ್ತು. ಸರ್ಕಾರವೇ ಕೈಯಲ್ಲಿದ್ದವರಿಗೆ, ತಮ್ಮನ್ನು ಕಂಡರಾಗದ ಹುಡುಗ ಹುಡುಗಿಯರು ಒಂದಿಷ್ಟು ಇತ್ತ ನೋಡಿದರೆ ಸಾಕಿತ್ತು. 1974ರ ಆಗಸ್ಟಿನಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟರು. 1977ರ ಆಗಸ್ಟಿನಲ್ಲಿ ಎಲ್ವಿಸ್ ತೀರಿಕೊಂಡರು, 42ನೇ ವಯಸ್ಸಿಗೆ. ದೇಹದಲ್ಲಿ ಬಗೆಬಗೆಯ ಮಾತ್ರೆಗಳ ಅಂಶ ಸಿಕ್ಕಿತು.

ಸಂಜೆ ಎದುರುಮನೆ ಅಜ್ಜಿ ತಮ್ಮ ಹಿತ್ತಲಿನ ನಿಂಬೆಹಣ್ಣು ತಂದಿದ್ದರು. ಎಂಬತ್ತು ದಾಟಿದವರು. ಅವರಿಂದಾಗಿ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಚಿತ್ರಾನ್ನ. ಮಗನ ಪ್ರಶ್ನೆ ಹೇಳಿದೆ. ಅವರು ನಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು.

1960ರ ಸೆಪ್ಟೆಂಬರ್ 26. ಪ್ರೆಸಿಡೆಂಟ್ ಚುನಾವಣೆಗೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ನಡುವೆ ಟಿವಿಯಲ್ಲಿ ಮೊದಲ ಚರ್ಚೆ. ಸುಮಾರು 7 ಕೋಟಿ ಜನ ನೋಡಿದರಂತೆ, ಅವರಲ್ಲಿ ಈ ಅಜ್ಜಿಯೂ ಒಬ್ಬರು, ಆಗಿನ್ನೂ ಹೈಸ್ಕೂಲ್ ಹುಡುಗಿ. ಏನು ಮಾತಾಡಿದರೆಂದು ಒಂದಕ್ಷರವೂ ನೆನಪಿಲ್ಲವಂತೆ. ನೆನಪಿರುವುದು ನಿಕ್ಸನ್ ಮುಖದ ಬೆವರು. ಅವರು ಮಂಡಿ ನೋವಿಗೆ ಆಸ್ಪತ್ರೆ ಸೇರಿ ಎದ್ದು ಬಂದಿದ್ದರು, ತೂಕ ಇಳಿದಿತ್ತು, ಮೇಕಪ್ ಸರಿಯಾಗಿ ಹಾಕಿಸಿಕೊಂಡಿರಲಿಲ್ಲ. ಎದುರಿಗೆ ಬಿಸಿಲಲ್ಲಿ ಓಡಾಡಿ ಬಂದ ಮದುಮಗನಂತೆ ಕೆನಡಿ. ಚರ್ಚೆ ಮುಗಿದ ಮೇಲೆ ನಿಕ್ಸನ್ ತಾಯಿಯೇ ಫೋನ್ ಮಾಡಿ, ಮಗನಿಗೆ ಹುಷಾರಿದೆಯಾ ಎಂದು ವಿಚಾರಿಸಿದರಂತೆ. ನಿಕ್ಸನ್ ಸೋತದ್ದು ಒಂದು ಲಕ್ಷ ಚಿಲ್ಲರೆ ಮತಗಳಲ್ಲಿ. 6 ಕೋಟಿಗೂ ಮೀರಿ ಜನ ಮತ ಹಾಕಿದ್ದ ಚುನಾವಣೆಯಲ್ಲಿ!

"ಅವತ್ತು ಅವನು ಪಾಠ ಕಲಿತ" ಎಂದರು ಅಜ್ಜಿ. 1968ರಲ್ಲಿ ನಿಕ್ಸನ್ ಮತ್ತೆ ನಿಂತಾಗ ಲಾಫ್ ಇನ್ ಎಂಬ ನಗೆ ಕಾರ್ಯಕ್ರಮಕ್ಕೆ ಬಂದರು. ಅಲ್ಲಿ "ಸಾಕ್ ಇಟ್ ಟು ಮಿ" ಎಂದವರ ತಲೆ ಮೇಲೆ ನೀರು ಸುರಿಯುವುದು ಪದ್ಧತಿ. ನಿಕ್ಸನ್ ಅದನ್ನೇ ಪ್ರಶ್ನೆ ತರಹ, ನನಗೇನಾ ಎಂಬಂತೆ ಅಂದರು. ನಾಲ್ಕು ಸೆಕೆಂಡಿನ ಕೆಲಸ. ನೀರು ಬೀಳಲಿಲ್ಲ, ವೋಟು ಬಿತ್ತು. ಎದುರಾಳಿ ಹಂಫ್ರಿಯವರನ್ನೂ ಕರೆದಿದ್ದರು, ಅವರು ಒಪ್ಪಿರಲಿಲ್ಲ. ಆ ನಾಲ್ಕು ಸೆಕೆಂಡೇ ಗೆಲ್ಲಿಸಿತು ಎಂದರೆ ನಾನು ನಂಬುವುದಿಲ್ಲ. ವಿಯೆಟ್ನಾಂ ಯುದ್ಧವಿತ್ತು, ಬೀದಿಗಳು ಹೊತ್ತಿ ಉರಿದಿದ್ದವು. ಅಜ್ಜಿ ಮಾತ್ರ ಆ ನಾಲ್ಕು ಸೆಕೆಂಡನ್ನೇ ಹಿಡಿದುಕೊಂಡಿದ್ದಾರೆ.

1973ರ ಬೇಸಿಗೆಯದ್ದು ಇನ್ನೂ ಚೆನ್ನಾಗಿದೆ. ಎದುರು ಪಕ್ಷದ ಕಚೇರಿಗೆ ಕಳ್ಳರನ್ನು ನುಗ್ಗಿಸಿದ, ಕೊನೆಗೆ ನಿಕ್ಸನ್ ಕುರ್ಚಿಯನ್ನೇ ಕಳೆದ ವಾಟರ್‌ಗೇಟ್ ಹಗರಣದ ವಿಚಾರಣೆಯನ್ನು ಹಗಲು ಹೊತ್ತು ಟಿವಿಯಲ್ಲಿ ನೇರ ತೋರಿಸತೊಡಗಿದರು. ಅಜ್ಜಿಯ ಅತ್ತೆಗೆ ಮಧ್ಯಾಹ್ನದ ಸೀರಿಯಲ್ ತಪ್ಪಿತಲ್ಲ ಎಂದು ಕೆಂಡದಂಥ ಕೋಪ. ಎರಡು ವಾರ ಕಳೆಯುವಷ್ಟರಲ್ಲಿ ಅವರಿಗೆ ಅದೇ ಸೀರಿಯಲ್ ಆಯಿತು. ಯಾರು ಸುಳ್ಳ, ಯಾರು ಪಾಪದವನು ಎಂದು ಅಡುಗೆಮನೆಯಿಂದಲೇ ತೀರ್ಪು. ಪ್ರೆಸಿಡೆಂಟರ ಕೋಣೆಯ ಮಾತೆಲ್ಲ ಟೇಪ್ ಆಗುತ್ತಿತ್ತು ಎಂದು ಜುಲೈನಲ್ಲಿ ಬಟರ್‌ಫೀಲ್ಡ್ ಎಂಬ ಅಧಿಕಾರಿ ಬಾಯಿಬಿಟ್ಟ ದಿನ, ಒಲೆ ಮೇಲಿಟ್ಟ ಸೂಪು ಸೀದು ಹೋಯಿತಂತೆ.

ಆಮೇಲಿನದು ನಮಗೂ ಗೊತ್ತು. 1980ರಲ್ಲಿ ಗೆದ್ದ ರೇಗನ್ ಸಿನಿಮಾ ನಟರೇ, ಚಿಂಪಾಂಜಿ ಜೊತೆಗೂ ನಟಿಸಿದ್ದವರು. ಅವರು ಚುನಾವಣೆಗೆ ನಿಂತರೆ ಟಿವಿಯವರು ಅವರ ಹಳೆ ಸಿನಿಮಾ ಎತ್ತಿಡುತ್ತಿದ್ದರು. ತೋರಿಸಿದರೆ ಎದುರಾಳಿಗೂ ಅಷ್ಟೇ ಹೊತ್ತು ಕೊಡಬೇಕೆಂಬ ಕಾನೂನು ಇತ್ತಲ್ಲ! 1992ರಲ್ಲಿ ಕ್ಲಿಂಟನ್ ಕಪ್ಪು ಕನ್ನಡಕ ಹಾಕಿಕೊಂಡು ರಾತ್ರಿ ಷೋ ಒಂದರಲ್ಲಿ ಸ್ಯಾಕ್ಸೊಫೋನ್ ಊದಿದರು. ಅದೂ ಎಲ್ವಿಸ್ ಹಾಡು.

"ನಿಮ್ಮ ಕಡೆಯೂ ಹೀಗೇನಾ?" ಎಂದರು ಅಜ್ಜಿ.

ಸುಮ್ನೆ ತಲೆಯಾಡಿಸಿದ್ದರೆ ಮುಗಿದಿತ್ತು. ನನಗೆ ಎಲ್ಲಿತ್ತೋ ಹೆಮ್ಮೆ, ಉಕ್ಕಿ ಬಂತು. ನಮ್ಮಲ್ಲಿ ರಾಜ್‌ಕುಮಾರ್ ಅಂತ ಇದ್ದರು, 1982ರಲ್ಲಿ ಗೋಕಾಕ್ ಚಳವಳಿಗೆ ಇಳಿದಾಗ ಊರೂರಲ್ಲಿ ಜನಸಾಗರ, ನಿಂತಿದ್ದರೆ ಯಾವ ಕುರ್ಚಿಯಾದರೂ ಸಿಗುತ್ತಿತ್ತು, ಕೊನೆಯವರೆಗೂ ನಿಲ್ಲಲೇ ಇಲ್ಲ ಎಂದೆ. ಅಜ್ಜಿ ಕಣ್ಣರಳಿಸಿದರು. "ಯಾಕೆ ನಿಲ್ಲಲಿಲ್ಲ?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಣ್ಣಾವ್ರು ಹಾಗೇ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಅಜ್ಜಿ ಹೋದ ಮೇಲೆ ನಾಚಿಕೆಯಾಯಿತು. ಅರ್ಧ ಸತ್ಯ ಹೇಳಿ ಕಳಿಸಿದ್ದೆ. ಯಾಕೆಂದರೆ ನಮ್ಮೂರು ಗೌರಿಬಿದನೂರು.

1985ರಲ್ಲಿ ನಾನು ಮೂರನೇ ಕ್ಲಾಸು. ಆ ವರ್ಷ ನಮ್ಮೂರಿನಿಂದ ಎಂಎಲ್‌ಎ ಆಗಿ ಗೆದ್ದವರು ಮುಖ್ಯಮಂತ್ರಿ ಚಂದ್ರು. ಮುಖ್ಯಮಂತ್ರಿ ಎಂಬ ನಾಟಕದಲ್ಲಿ ಅದೇ ಪಾತ್ರ ಮಾಡಿ, ಅದೇ ಹೆಸರಾದವರು. ನನಗೆ ತಲೆ ಕೆಟ್ಟು ಹೋಯಿತು. ಮೇಷ್ಟ್ರು ಶಾಲೆಯಲ್ಲಿ ಮುಖ್ಯಮಂತ್ರಿ ಯಾರು ಎಂದು ಕೇಳಿದರೆ ರಾಮಕೃಷ್ಣ ಹೆಗಡೆ ಎನ್ನಬೇಕು. ಗೋಡೆ ಮೇಲೆ ನೋಡಿದರೆ ಮುಖ್ಯಮಂತ್ರಿ ಚಂದ್ರು ಅವರಿಗೆ ಮತ ನೀಡಿ ಎಂದಿದೆ. ಆಗಲೇ ಮುಖ್ಯಮಂತ್ರಿ ಆಗಿರುವವರಿಗೆ ಮತ್ತೆ ವೋಟು ಯಾಕೆ? ಇನ್ನು ವಿದುರಾಶ್ವತ್ಥ ದಾಟಿ ಗಡಿ ಆಚೆ ಕಾಲಿಟ್ಟರೆ ಹಿಂದೂಪುರ. ಅದೇ ವರ್ಷ ಅಲ್ಲಿ ಗೆದ್ದವರು ಎನ್.ಟಿ. ರಾಮರಾವ್. ನಾವು ಟೆಂಟಿನಲ್ಲಿ ನೆಲಕ್ಕೆ ಕೂತು ಕೃಷ್ಣನೆಂದು ಕೈಮುಗಿದಿದ್ದವರು, ಅಲ್ಲಿ ನಿಜವಾದ ಮುಖ್ಯಮಂತ್ರಿ. ಈ ಕಡೆ ಮುಖ್ಯಮಂತ್ರಿ ಎನ್ನುವವರು ಮುಖ್ಯಮಂತ್ರಿಯಲ್ಲ, ಆ ಕಡೆ ಕೃಷ್ಣ ಎನ್ನುವವರೇ ಮುಖ್ಯಮಂತ್ರಿ.

"ಅಪ್ಪ, ಇವರಲ್ಲಿ ನಿಜವಾದ ಮುಖ್ಯಮಂತ್ರಿ ಯಾರು?" ಎಂದು ನಾನೂ ಕೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ, ಜೋರಾಗಿ. ಆಗಲೂ ನಾಲ್ಕು ಜನ ನಕ್ಕಿದ್ದರು. ಅಪ್ಪ ನನ್ನ ಕೈ ಹಿಡಿದು ಎಳೆದುಕೊಂಡು, "ಬಾಯ್ಮುಚ್ಕೊಂಡು ಬಾ, ಬಸ್ ಹೋಗುತ್ತೆ" ಎಂದಿದ್ದರು.

ಅಣ್ಣಾವ್ರು ನಿಲ್ಲಲಿಲ್ಲ ಎಂದು ಎದೆಯುಬ್ಬಿಸುವ ನಮ್ಮ ಬೀದಿಯವರೇ ರಾಮರಾವ್ ಗೆದ್ದ ದಿನ ಪಟಾಕಿ ಹೊಡೆದವರು. ಅದು ತಪ್ಪು ಎಂದೂ ಅಲ್ಲ. ನಟರು ರಾಜಕೀಯಕ್ಕೆ ಬರಬಾರದೆಂದು ನನಗೆ ಅನ್ನಿಸಿಲ್ಲ, ವಕೀಲರು ಬರಬಹುದಾದರೆ ಅವರೂ ಬರಲಿ. ನನ್ನನ್ನು ಚುಚ್ಚಿದ್ದು ಬೇರೆ. ಅಮೆರಿಕದವರು ಈ ಮ್ಯೂಸಿಯಂನಲ್ಲಿ ನಿಕ್ಸನ್ ಹುಟ್ಟಿದ ಪುಟ್ಟ ಮರದ ಮನೆಯನ್ನೂ ಉಳಿಸಿದ್ದಾರೆ, ವಾಟರ್‌ಗೇಟ್ ಅವಮಾನಕ್ಕೂ ಜಾಗ ಕೊಟ್ಟಿದ್ದಾರೆ. ಮೊದಮೊದಲು ಅಲ್ಲಿ ವಾಟರ್‌ಗೇಟ್ ಕಥೆ ನಿಕ್ಸನ್‌ಗೆ ನೋವಾಗದ ಹಾಗೆ ಇತ್ತು. ಸರ್ಕಾರದ ದಾಖಲೆ ಇಲಾಖೆ ಕೈಗೆ ಬಂದ ಮೇಲೆ, 2011ರಲ್ಲಿ ಬದಲಾಯಿಸಿದರು. ನಮ್ಮಲ್ಲಿ ಒಬ್ಬ ಮುಖ್ಯಮಂತ್ರಿಯ ಹೆಸರಲ್ಲಿ ಭವನ ಕಟ್ಟಿ, ಅವರ ತಪ್ಪಿಗೂ ಒಂದು ಕೋಣೆ ಬಿಡುತ್ತೇವಾ? ಪ್ರತಿಮೆ ನಿಲ್ಲಿಸುತ್ತೇವೆ, ಹಾರ ಹಾಕುತ್ತೇವೆ. ಆಮೇಲೆ ಅದರ ಮೇಲೆ ಕಾಗೆ.

ರಾತ್ರಿ ಊರಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸೋಮವಾರ ಬೆಳಿಗ್ಗೆ. ಹಿಂದೆ ಅಪ್ಪನ ನ್ಯೂಸ್ ಚಾನೆಲ್ ಡಮಡಮ ಎನ್ನುತ್ತಿತ್ತು. ಯಾರೋ ಪಕ್ಷ ಬಿಡುತ್ತಿದ್ದಾರೆ, ಅದಕ್ಕೆ ಯುದ್ಧದ ಸಿನಿಮಾ ಸಂಗೀತ. ಅಪ್ಪ ಸೀರಿಯಲ್ ನೋಡುವುದು ಬಿಟ್ಟು ಬಹಳ ವರ್ಷವಾಯಿತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿ, "ಯಾಕೋ ಇಷ್ಟು ಬಡವಾಗಿದ್ದೀಯಾ? ಹುಷಾರಿಲ್ವಾ?" ಎಂದರು. ಈ ವರ್ಷ ನಾಲ್ಕು ಕಿಲೊ ಹೆಚ್ಚಾಗಿದ್ದೇನೆ. ಆಮೇಲೆ ನನ್ನ ಹಿಂದೆ ಕಣ್ಣಾಡಿಸಿದರು. ಮಗ ಹಟ ಮಾಡಿ ಕೊಂಡು ತಂದ ಆ ಫೋಟೊದ ಮ್ಯಾಗ್ನೆಟ್ ಫ್ರಿಜ್ ಮೇಲಿತ್ತು.

"ಅದ್ಯಾರೋ ಅಲ್ಲಿ?"

ಮಗ ಫೋನ್ ಕಸಿದುಕೊಂಡು ಫ್ರಿಜ್ ಹತ್ತಿರ ಓಡಿದ. ತನಗೆ ಬರುವ ಕನ್ನಡದಲ್ಲೇ ವಿವರಿಸಿದ. "ಅಜ್ಜಿ, ಬೆಲ್ಟ್ ಇರೋರು ಹಾಡ್ತಾರೆ. ಇವ್ರು ಪ್ರೆಸಿಡೆಂಟ್. ಇವ್ರು ಕೆಲ್ಸ ಬಿಟ್ಟುಬಿಟ್ರು."

"ಅಯ್ಯೋ ಪಾಪ, ಕೆಲ್ಸ ಬಿಟ್ರಾ?" ಎಂದರು ಅಮ್ಮ. ಒಂದು ಗಳಿಗೆ ಸುಮ್ಮನಿದ್ದು, "ನಿಮ್ಮಪ್ಪನ ಕೈಗೆ ಕೊಡು ಫೋನು" ಎಂದರು. ನಾನು ತೆಗೆದುಕೊಂಡೆ. ಅಮ್ಮ ದನಿ ತಗ್ಗಿಸಿ ಕೇಳಿದರು.

"ನಿನ್ನ ಕೆಲ್ಸ ಇದೆ ತಾನೇನೋ?"