ಗಣಪನ ಹೊಟ್ಟೆ ನೋಡಿ ಚಂದ್ರ ನಕ್ಕಾಗ

ಮುಂಬೈ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಆಪ್ತಸಮಾಲೋಚಕಿ. ಒಂದರಿಂದ ಮೂರನೇ ತರಗತಿಯವರಿಗೆ ವಾರಕ್ಕೊಮ್ಮೆ ಕಥೆ ಹೇಳುವುದೂ ನನ್ನ ಕೆಲಸವೇ.

ಮೈಕಟ್ಟಿನ ಚಿಂತೆ, ಊಟ ಬಿಡುವುದು ಇವೆಲ್ಲ ಹೈಸ್ಕೂಲಿನವರ ಸಮಸ್ಯೆ ಎಂದು ಪಾಲಕರು ನಂಬಿರುತ್ತಾರೆ. ಹಾಗಲ್ಲ. ಇಂಗ್ಲೆಂಡಿನಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ೫ರಿಂದ ೮ ವರ್ಷದ ಹುಡುಗಿಯರಿಗೆ ಚಿತ್ರಗಳ ಜೊತೆ ಕಥೆ ಓದಿದರು. ಬಾರ್ಬಿ ಗೊಂಬೆಯ ಚಿತ್ರ ಕಂಡವರಲ್ಲಿ ತಮ್ಮ ಮೈ ಬಗ್ಗೆ ಸಮಾಧಾನ ಕುಗ್ಗಿ, ತೆಳ್ಳಗಾಗುವ ಆಸೆ ಹೆಚ್ಚಿತ್ತು. ನಮ್ಮಲ್ಲಿ ಗೊಂಬೆಯೂ ಬೇಕಿಲ್ಲ. ಮನೆಯಲ್ಲಿ ‘ಡುಮ್ಮಿ’, ‘ಕಡ್ಡಿ’, ಗಲ್ಲಿಯಲ್ಲಿ ಮರಾಠಿಯ ‘ಜಾಡ್ಯಾ’, ಅಂದರೆ ಡುಮ್ಮ. ಮುದ್ದಿಗೆ ಕರೆದರೂ ಮಗುವಿಗೆ ನಾಟುತ್ತದೆ.

ಚೌತಿಯ ಆಸುಪಾಸಿನಲ್ಲಿ ನಾನು ಎತ್ತಿಕೊಳ್ಳುವುದು ಚಂದ್ರ ನಕ್ಕ ಕಥೆ. ಹೊಟ್ಟೆ ತುಂಬ ಕಡುಬು ತಿಂದ ಗಣಪ ಇಲಿ ಮೇಲಿಂದ ಬೀಳುತ್ತಾನೆ, ಬಿರಿದ ಹೊಟ್ಟೆಗೆ ಹಾವನ್ನು ಸುತ್ತಿಕೊಳ್ಳುತ್ತಾನೆ, ಮೇಲಿನಿಂದ ಚಂದ್ರ ಕಿಸಕ್ಕನೆ ನಗುತ್ತಾನೆ. ಅಲ್ಲಿ ನಿಲ್ಲಿಸಿ ಕೇಳುತ್ತೇನೆ: ಗಣಪನಿಗೆ ಈಗ ಹೇಗಾಗಿರಬೇಕು? ‘ನಿನಗೆ ಹೇಗಾಗುತ್ತೆ’ ಎಂದು ಕೇಳಿದರೆ ಮಕ್ಕಳು ನೆಲ ನೋಡುತ್ತಾರೆ. ಗಣಪನ ವಿಷಯವಾದರೆ ಬಾಯಿ ಬಿಡುತ್ತಾರೆ.

“ನಾಳೆಯಿಂದ ಅವನು ಕಡುಬು ಬೇಡ ಅಂತಾನೆ. ಅಮ್ಮ ಕೇಳಿದ್ರೆ ಹೊಟ್ಟೆನೋವು ಅಂತಾನೆ,” ಎಂದಳು ಎರಡನೇ ತರಗತಿಯ ಹುಡುಗಿ. ಅವಳ ಡಬ್ಬಾದಲ್ಲಿ ಚಪಾತಿ ಮಡಿಚಿದ್ದು ಮಡಿಚಿದ ಹಾಗೇ ವಾಪಸ್ಸು ಹೋಗುತ್ತಿದ್ದದ್ದನ್ನು ತರಗತಿಯ ಟೀಚರು ಮೊದಲೇ ಹೇಳಿದ್ದರು. ಅವಳನ್ನು ಅಲ್ಲಿ ಕೆದಕಲಿಲ್ಲ. ಸಂಜೆ ತಾಯಿಗೆ ಫೋನ್ ಮಾಡಿದೆ. ಮದುವೆಮನೆಯಲ್ಲಿ ನೆಂಟರೊಬ್ಬರು ಅವಳ ಲಂಗ ಬಿಗಿಯಾದದ್ದನ್ನು ಎಲ್ಲರೆದುರು ಆಡಿ ನಕ್ಕಿದ್ದರಂತೆ.

ಮುಂದಿನ ಭಾಗ ಹೇಳುವಾಗ ನಾನು ಬಲು ಎಚ್ಚರ. ಚಂದ್ರ ಸವೆದು ಸಣ್ಣಗಾಗಲೆಂಬ ಶಾಪವನ್ನು ಕೆಲವರು ಸೇರಿಸುತ್ತಾರೆ, ನಾನು ಬಿಟ್ಟುಬಿಡುತ್ತೇನೆ. ಸಣಕಲಾಗುವುದೇ ಶಿಕ್ಷೆಯಾದರೆ ಮುಂದಿನ ಬೆಂಚಿನ ಸಣಕಲ ಹುಡುಗನ ಗತಿ ಏನು? ನನ್ನ ಕಥೆಯಲ್ಲಿ ಚಂದ್ರ ಕ್ಷಮೆ ಕೇಳುತ್ತಾನೆ, ಗಣಪನ ಹೊಟ್ಟೆ ಇದ್ದ ಹಾಗೇ ಇರುತ್ತದೆ, ಅವನು ಮತ್ತೆ ಕಡುಬು ತಿನ್ನುತ್ತಾನೆ. ಕೊನೆಗೆ ನಾಯಕ ತೆಳ್ಳಗಾಗಿ ಗೆಲ್ಲುವ ಕಥೆಯನ್ನು ನಾನು ಹೇಳುವುದೇ ಇಲ್ಲ. ಕಿಲೋ ಲೆಕ್ಕವಾಗಲಿ, ಪಾತ್ರ ಊಟ ತಪ್ಪಿಸಿದ ಉಪಾಯವಾಗಲಿ ಬಾಯಿಗೆ ಬರಬಾರದು, ಅದನ್ನೇ ಕಲಿತುಬಿಡುವ ಮಕ್ಕಳಿದ್ದಾರೆ.

ಊಟ ಬೇಡವೆನ್ನುವ ಎಲ್ಲರದೂ ಇದೇ ಕಾರಣವಲ್ಲ. ಮೊಸರನ್ನದ ಗಂಟು ನಾಲಿಗೆಗೆ ತಾಗಿದರೆ ಓಕರಿಸುವ, ಗಂಟಲಲ್ಲಿ ಸಿಕ್ಕಿಬಿಡುತ್ತದೆಂದು ಹೆದರುವ ಮಕ್ಕಳಿದ್ದಾರೆ. ಅವರಿಗೆ ಮೈಯ ಚಿಂತೆಯೇ ಇರುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ೨೦೧೩ರಲ್ಲಿ ಇಂಥ ತೊಂದರೆಗೆ, ಅದು ಬೆಳವಣಿಗೆಗೆ ಅಡ್ಡಿಯಾಗುವಷ್ಟು ತೀವ್ರವಾದಾಗ, ಆರ್ಫಿಡ್ ಎಂಬ ಹೆಸರು ಕೊಟ್ಟಿತು. ಅವರಿಗೆ ಗಣಪನ ಕಥೆಯಿಂದ ಏನೂ ಆಗದು.

ತೂಕ ಇಳಿಯುತ್ತಿದ್ದರೆ, ಬೆಳವಣಿಗೆ ನಿಂತಿದ್ದರೆ ಮಕ್ಕಳ ವೈದ್ಯರನ್ನೇ ಕಾಣಬೇಕು. ಆ ಹುಡುಗಿಯ ತಾಯಿಗೂ ಅದನ್ನೇ ಹೇಳಿ ಕಳಿಸಿದೆ. ಜೊತೆಗೆ ಇನ್ನೊಂದು ಮಾತು: ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ನಿಮ್ಮದು, ಎಷ್ಟು ತಿನ್ನಬೇಕೆಂಬುದನ್ನು ಅವಳಿಗೆ ಬಿಡಿ, ತಟ್ಟೆಯ ಮುಂದೆ ಅವಳ ಮೈಯ ಮಾತು ಯಾರೂ ಎತ್ತದಿರಲಿ, ಅಜ್ಜಿಯೂ.