ತೋಟ ನಮ್ದು, ಪಹಣಿ ಮಸ್ಕತ್‌ನಲ್ಲಿರೋ ಹುಡುಗನ ಹೆಸರಲ್ಲಿ

ದೀಪಾವಳಿಗೆ ತೀರ್ಥಹಳ್ಳಿ ಹತ್ರ ಅಕ್ಕನ ಮನೆಗೆ ಹೋಗಿದ್ದೆ, ಕಾಫಿ ಲೋಟ ಕೈಗೆ ಬರೋ ಮುಂಚೆನೇ ಭಾವ ಫೋನ್ ಹಿಡ್ಕೊಂಡು ಬಂದ್ರು. "ನೋಡು ಮಾರಾಯ, ನಮ್ಮ ಹೋಮ್‌ಸ್ಟೇ ವೆಬ್‌ಸೈಟಿಗೆ ಹೋದ್ರೆ ಸಾಲ ಬೇಕಾ ಅಂತ ಕೇಳ್ತದೆ." ಹೌದು, ತೋಟದ ಫೋಟೋ ಇಲ್ಲ, ಕೊಟ್ಟೆ ಕಡುಬಿನ ಫೋಟೋ ಇಲ್ಲ, ಪರ್ಸನಲ್ ಲೋನು, ಅಗ್ಗದ ಫ್ಲೈಟ್ ಟಿಕೆಟ್ಟು ಅಂತ ಬರೀ ಲಿಂಕುಗಳ ಪೇಜು. ಯಾರೋ ಹ್ಯಾಕ್ ಮಾಡಿದಾರೆ ಅಂತ ಮನೆಯವರೆಲ್ಲ ಆಗ್ಲೇ ತೀರ್ಮಾನ ಮಾಡಿಯಾಗಿತ್ತು.

ಹ್ಯಾಕೂ ಇಲ್ಲ ಎಂಥದ್ದೂ ಇಲ್ಲ. ಡೊಮೈನ್, ಅಂದ್ರೆ ಬ್ರೌಸರ್‌ನಲ್ಲಿ ಟೈಪ್ ಮಾಡೋ ಸೈಟಿನ ಹೆಸರಿನ ಅವಧಿ ಮುಗಿದಿತ್ತು ಅಷ್ಟೇ. ಹೋಸ್ಟಿಂಗ್, ಅಂದ್ರೆ ಸೈಟಿನ ಫೈಲು ಇಡೋ ಜಾಗದ ದುಡ್ಡು ಭಾವ ಸರಿಯಾಗಿ ಕಟ್ಟಿದ್ರು, ಫೈಲುಗಳೆಲ್ಲ ಸರ್ವರ್‌ನಲ್ಲಿ ಸುಖವಾಗಿ ಕೂತಿದ್ವು, ಆದ್ರೆ ಹೆಸರಿನ ದುಡ್ಡು ಬೇರೆ ಕಡೆ ಬೇರೆಯಾಗಿ ಕಟ್ಟೋದು ಅಂತ ಅವರಿಗೆ ಯಾರೂ ಹೇಳಿರ್ಲೇ ಇಲ್ಲ.

ಬಾಯಲ್ಲಿ ಹೇಳಿದ್ರೆ ನಂಬಲ್ಲ ಅಂತ ಲ್ಯಾಪ್‌ಟಾಪ್ ತೆಗೆದು ಒಂದು ಹೆಸರಿನ ಸೈಟ್ ಎಲ್ಲಿದೆ ಅಂತ ಯಾರ್ಯಾರನ್ನ ಕೇಳ್ಕೊಂಡು ಹೋಗ್ಬೇಕು ಅನ್ನೋದನ್ನ ಕಾಣಿಸೋ ಡಿಗ್ ಕಮಾಂಡಿಗೆ ಟ್ರೇಸ್ ಆಪ್ಷನ್ ಕೊಟ್ಟು ತೋರಿಸಿದೆ. ಮೊದಲು ಈ ಹುಡುಕಾಟ ಶುರುವಾಗೋ ರೂಟ್ ಸರ್ವರ್‌ಗಳ ಪಟ್ಟಿ ಬಂತು, ಎ ಇಂದ ಎಂ ವರೆಗೆ 13. "ಇಡೀ ಪ್ರಪಂಚಕ್ಕೆ ಹದಿಮೂರೇ ಕಂಪ್ಯೂಟರಾ?" ಅಂದ್ರು. ಹೆಸರು ಮಾತ್ರ 13 ಭಾವ, ನಡೆಸೋದು 12 ಸಂಸ್ಥೆಗಳು, ಒಂದೊಂದು ಹೆಸರಿಗೂ ದೇಶ ದೇಶದಲ್ಲಿ ಸರ್ವರ್‌ಗಳಿದ್ದು ಒಟ್ಟು ಸೇರಿಸಿದ್ರೆ ಸಾವಿರ ದಾಟುತ್ತೆ ಅಂದೆ. ಈ ರೂಟಿಗೆ ನಿಮ್ಮ ಹೋಮ್‌ಸ್ಟೇ ಯಾವುದು ಅಂತ ಗೊತ್ತೇ ಇಲ್ಲ, ಡಾಟ್ ಕಾಮ್ ಬಗ್ಗೆ ಯಾರನ್ನ ಕೇಳಬೇಕು ಅಂತಷ್ಟೇ ಹೇಳುತ್ತೆ. ಡಾಟ್ ಕಾಮ್ ನೋಡ್ಕೊಳ್ಳೋ ವೆರಿಸೈನ್‌ನ ಸರ್ವರ್‌ಗೂ ನಿಮ್ಮ ಸೈಟಿನ ಐಪಿ ಅಡ್ರೆಸ್, ಅಂದ್ರೆ ಸರ್ವರ್‌ನ ನಂಬರ್, ಗೊತ್ತಿಲ್ಲ, ಅದು ಈ ಹೆಸರಿಗೆ ಆ ನಂಬರ್ ಹೇಳೋ ನೇಮ್‌ಸರ್ವರ್ ಯಾವುದು ಅಂತ ಹೇಳಿ ಕೈ ತೊಳ್ಕೊಳುತ್ತೆ. ವಿಷಯ ಇದ್ದಿದ್ದು ಆ ಸಾಲಲ್ಲೇ, ಹೋಸ್ಟಿಂಗ್ ಕಂಪನಿ ನೇಮ್‌ಸರ್ವರ್ ಇರಬೇಕಾದ ಜಾಗದಲ್ಲಿ ರಿಜಿಸ್ಟ್ರಾರ್‌ದು, ಅಂದ್ರೆ ಹೆಸರು ಮಾರಿದವರ, ಅವಧಿ ಮುಗಿದ ಹೆಸರಿಗೆ ಈ ಲಿಂಕುಗಳ ಪೇಜು ತೋರಿಸೋ ಪಾರ್ಕಿಂಗ್ ಸರ್ವರ್ ಕೂತಿತ್ತು.

ಹಿಂದೆ ಇಷ್ಟು ಕೈ ಬದಲಾಗೋ ವ್ಯವಹಾರ ಇರ್ಲಿಲ್ಲ. ಅಮೆರಿಕದ ಎಸ್‌ಆರ್‌ಐ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಎಲ್ಲ ಕಂಪ್ಯೂಟರ್‌ಗಳ ಹೆಸರು, ನಂಬರ್ ಬರೆದ ಒಂದೇ ಫೈಲ್ ಇಟ್ಕೊಂಡಿತ್ತು, ಉಳಿದವರು ಅದನ್ನ ಕಾಪಿ ಮಾಡ್ಕೊಳ್ಳೋರು. ಜಾಸ್ತಿ ಆಗ್ತಾ ಆಗ್ತಾ ಅದು ನಡೆಯಲ್ಲ ಅಂತಾಗಿ 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಈ ಹಂಚಿಕೊಂಡು ನೋಡೋ ಡಿಎನ್‌ಎಸ್ (ಡೊಮೈನ್ ನೇಮ್ ಸಿಸ್ಟಮ್) ಪದ್ಧತಿ ತಂದ್ರು. ಭಾವನಿಗೆ ಈ ಕಥೆಯಲ್ಲಿ ಆಸಕ್ತಿ ಇರ್ಲಿಲ್ಲ. "ಅಂದ್ರೆ ತೋಟ ನಮ್ದು, ಪಹಣಿ ಬೇರೆಯವನ ಹೆಸರಲ್ಲಿ, ಅಲ್ವಾ?" ಅಂದ್ರು. ನಾನು ಅರ್ಧ ಗಂಟೆ ಕೊರೆದಿದ್ದನ್ನ ಒಂದೇ ಮಾತಲ್ಲಿ ಮುಗಿಸಿದ್ರು.

ಆ ಬೇರೆಯವನು ಯಾರು? ಸೈಟ್ ಮಾಡಿಕೊಟ್ಟ ಊರಿನ ಹುಡುಗ, ಈಗ ಮಸ್ಕತ್‌ನಲ್ಲಿದ್ದಾನೆ. ಹೆಸರು ಅವನ ಅಕೌಂಟಲ್ಲಿತ್ತು, ಆದ್ರೆ ಪಾಸ್‌ವರ್ಡ್ ಅವನಿಗೂ ಮರೆತುಹೋಗಿತ್ತು. ಸರಿ, ರಿಸೆಟ್ ಕೊಡೋಣ ಅಂದ್ರೆ ಅಕೌಂಟಿಗೆ ಕೊಟ್ಟ ಇಮೇಲ್ ಇದೇ ಡೊಮೈನಿಂದು! ಮೇಲ್ ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಎಂಎಕ್ಸ್ ರೆಕಾರ್ಡೂ ಡಿಎನ್‌ಎಸ್ಸಲ್ಲೇ ಇರೋದು, ಹೆಸರು ಹೋದ್ರೆ ಮೇಲೂ ಹೋಯ್ತು. ಹೆಸರು ವಾಪಸ್ ಬರ್ಬೇಕಂದ್ರೆ ಮೇಲ್ ಬರ್ಬೇಕು, ಮೇಲ್ ಬರ್ಬೇಕಂದ್ರೆ ಹೆಸರು ಬರ್ಬೇಕು. ಅಕ್ಕ ಮಧ್ಯೆ ಬಂದು ಊಟಕ್ಕೆ ಏಳಿ ಅಂದಾಗ ನಮ್ಮಿಬ್ಬರ ಮುಖ ನೋಡೋ ಹಾಗಿರ್ಲಿಲ್ಲ.

ಟೈಮೂ ಇತ್ತು, ಇರ್ಲೂ ಇಲ್ಲ. ಡಾಟ್ ಕಾಮ್‌ಗೆ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಹೆಚ್ಚಂದ್ರೆ 45 ದಿನ ಇಟ್ಕೊಳ್ಳಬಹುದು, ಅದಕ್ಕಿಂತ ಮುಂಚೆನೇ ಬಿಟ್ಟರೂ ಕೇಳೋರಿಲ್ಲ. ಆಮೇಲೆ 30 ದಿನ ರಿಡೆಂಪ್ಷನ್, ಆಗ ಬಿಡಿಸ್ಕೊಳ್ಳೋಕೆ ದಂಡ ಜೋರು. ಆಮೇಲೆ 5 ದಿನ ಯಾರೂ ಮುಟ್ಟೋ ಹಾಗಿಲ್ಲ, ಅದು ಮುಗಿದ ತಕ್ಷಣ ಹಿಡಿಯೋಕೆ ಅಂತಲೇ ಪ್ರೋಗ್ರಾಮ್ ಬಿಟ್ಕೊಂಡು ಕೂತಿರೋರಿದ್ದಾರೆ.

ಕೊನೆಗೆ ಆ ಹುಡುಗನೇ ಹಳೇ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ನೋಡಿದ್ರೆ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಆಗಿತ್ತು, ಪುಣ್ಯಾತ್ಮ. ರಿನ್ಯೂ ಮಾಡಿದ, ಇಮೇಲ್ ಬದಲಿಸಿ ಭಾವನ ಜಿಮೇಲ್ ಹಾಕಿದ, ಓನರ್ ಜಾಗಕ್ಕೆ ಅವರ ಹೆಸರೂ ಬಂತು. ಇಪ್ಪತ್ತು ವರ್ಷದ್ದು ಒಟ್ಟಿಗೆ ಕಟ್ಬಿಡೋಣ ಅಂದ್ರು ಭಾವ, 10ಕ್ಕಿಂತ ಜಾಸ್ತಿ ತಗೊಳ್ಳಲ್ಲ. ಅಷ್ಟಾದ್ರೂ ನನ್ನ ಮೊಬೈಲಲ್ಲಿ ಕಡುಬು ಕಾಣ್ತಿತ್ತು, ಮನೆ ವೈಫೈಯಲ್ಲಿ ಮಾತ್ರ ಲೋನೇ. ಡಾಟ್ ಕಾಮ್ ಸರ್ವರ್ ಕೊಡೋ ನೇಮ್‌ಸರ್ವರ್ ಉತ್ತರನ 1,72,800 ಸೆಕೆಂಡ್, ಅಂದ್ರೆ ಎರಡು ದಿನ ನೆನಪಿಟ್ಕೊಂಡಿರಬಹುದು, ಇಂಟರ್‌ನೆಟ್ ಕೊಡೋರು ಹಳೇದನ್ನೇ ಹಿಡ್ಕೊಂಡಿದ್ರು. ಹಬ್ಬ ಮುಗಿಯೋ ಹೊತ್ತಿಗೆ ಅದೂ ಸರಿಹೋಯ್ತು. ಮೇಲ್ ಓಪನ್ ಮಾಡಿದ್ರೆ ಅವಧಿಗೆ ಒಂದು ತಿಂಗಳ ಮುಂಚಿನ ನೋಟೀಸು, ವಾರದ ಮುಂಚಿನ ನೋಟೀಸು ಎರಡೂ ಓದದೇ ಬಿದ್ದಿದ್ವು, ಬುಕಿಂಗ್ ಎಲ್ಲ ವಾಟ್ಸಾಪಲ್ಲೇ ಆಗೋದ್ರಿಂದ ಆ ಮೇಲ್ ಯಾರು ನೋಡ್ತಾರೆ.

ಹುಡುಗ ಫೋನ್ ಇಡೋ ಮುಂಚೆ ಇನ್ನೊಂದು ಮಾತು ಹೇಳಿದ, ಊರಿನ ಇನ್ನೂ ಮೂರ್ನಾಲ್ಕು ಜನದ ಸೈಟಿನ ಹೆಸರು ನನ್ನ ಅಕೌಂಟಲ್ಲೇ ಇದೆ, ಅವರು ನನ್ನ ಫೋನ್ ತೆಗೀತಿಲ್ಲ, ನೀವೇ ಹೇಳ್ಬಿಡಿ ಅಂತ. ಭಾವ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದ್ರು. ಅದರಲ್ಲೊಬ್ಬರು ಅಕೌಂಟು, ಪಾಸ್‌ವರ್ಡು ಅಂತ ಶುರುವಾಗ್ತಿದ್ದ ಹಾಗೇ ಇದ್ಯಾವುದೋ ಓಟಿಪಿ ಫ್ರಾಡು ಅಂತ ಕಟ್ ಮಾಡಿದ್ರು.