ಹುಟ್ಟಿದ ದಿನ 11/04

ಡಿಸೆಂಬರ್ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಮೈದಾನಗಳು ಖಾಲಿ. ನಮ್ಮ ಆಫೀಸಿನಲ್ಲಿ ಮಾತ್ರ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಟಗಾರರ ಅದಲುಬದಲು ನಡೆಯುವ ಕಾಲ ಅದು. ನಾನು ಇಲ್ಲಿನ ಒಂದು ಕ್ಲಬ್‌ನಲ್ಲಿ ಡೇಟಾ ಕೆಲಸ ಮಾಡುತ್ತೇನೆ. ಬ್ಯಾಟ್ ಹಿಡಿದಿದ್ದು ಹಾಸನದ ಗಲ್ಲಿ ಕ್ರಿಕೆಟ್‌ನಲ್ಲಿ ಅಷ್ಟೇ.

2024ರಲ್ಲಿ ನಮ್ಮ ತಂಡ ಸೋತು ಸುಣ್ಣವಾಗಿತ್ತು. ಇರುವ ಒಬ್ಬ ಒಳ್ಳೆ ಪಿಚರ್‌ನನ್ನು (ಕ್ರಿಕೆಟ್‌ನ ಬೌಲರ್ ಹಾಗೆ ಚೆಂಡೆಸೆಯುವವನು) ಬೇರೆ ತಂಡಕ್ಕೆ ಕೊಟ್ಟು ಎಳೆ ಹುಡುಗರನ್ನು ತರೋಣ ಅಂತ ಮೇಲಿನವರು ತೀರ್ಮಾನಿಸಿದರು. ಇದರಲ್ಲಿ ಲೆಕ್ಕಾಚಾರ ಇದೆ. ಮೇಜರ್ ಲೀಗ್‌ಗೆ ಬಂದ ಹುಡುಗ ಸುಮಾರು ಆರು ವರ್ಷ ಕ್ಲಬ್ಬಿನ ಹಿಡಿತದಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ. 2025ಕ್ಕೆ ಆ ‘ಕನಿಷ್ಠ’ 7,60,000 ಡಾಲರ್, ಅದು ಬೇರೆ ಮಾತು ಬಿಡಿ.

ಹುಡುಗರ ಬೆಲೆ ಗೊತ್ತಾಗದೆ ಕೈಸುಟ್ಟುಕೊಂಡವರೂ ಇದ್ದಾರೆ. 2016ರ ಜೂನ್‌ನಲ್ಲಿ ಶಿಕಾಗೋ ವೈಟ್ ಸಾಕ್ಸ್, 34 ವರ್ಷದ ಪಿಚರ್ ಜೇಮ್ಸ್ ಶೀಲ್ಡ್ಸ್‌ಗಾಗಿ ಇಬ್ಬರನ್ನು ಸ್ಯಾನ್ ಡಿಯಾಗೋ ಪಾಡ್ರೆಸ್‌ಗೆ ಕೊಟ್ಟಿತು. ಅವರಲ್ಲೊಬ್ಬ 17ರ ಫರ್ನಾಂಡೊ ಟಾಟಿಸ್ ಜೂನಿಯರ್. ಆಗ ಅವನು ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಆಡಿರಲಿಲ್ಲ. 2021ರಲ್ಲಿ ಪಾಡ್ರೆಸ್ ಅವನನ್ನು ಉಳಿಸಿಕೊಂಡಿದ್ದು 14 ವರ್ಷಕ್ಕೆ 34 ಕೋಟಿ ಡಾಲರ್ ಕೊಟ್ಟು.

ಎದುರಿನ ತಂಡದ ಹುಡುಗರಲ್ಲಿ ಯಾರನ್ನು ಕೇಳಬೇಕು ಅನ್ನುವ ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂತು. ಈ ಪಟ್ಟಿಯಲ್ಲಿ ವಯಸ್ಸೇ ಜೀವಾಳ. ಜುಲೈ 1ಕ್ಕೆ ಎಷ್ಟು ತುಂಬಿದೆಯೋ ಅದೇ ಆ ಸೀಸನ್ನಿನ ವಯಸ್ಸು. 22ರವರ ನಡುವೆ 19ರವನು ಚೆನ್ನಾಗಿ ಹೊಡೆದರೆ ಬೆಲೆ ಏರುತ್ತದೆ. ಅದೇ ಅಂಕಿ 22ರವನದಾದರೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಪಟ್ಟಿಯ ಮೊದಲ ಸ್ಥಾನದಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಒಬ್ಬ ಶಾರ್ಟ್‌ಸ್ಟಾಪ್ ಇದ್ದ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಹುಟ್ಟಿದ್ದು 2004ರ ನವೆಂಬರ್ 4. ಅಂದರೆ 2024ರ ಸೀಸನ್ನಿಗೆ 19. ಮೀಟಿಂಗ್‌ನಲ್ಲಿ ಎಲ್ಲರಿಗೂ ಖುಷಿ. ಮೂಲೆಯಲ್ಲಿ ಕೂತಿದ್ದ ಹಿರಿಯ ಸ್ಕೌಟ್ (ಊರೂರು ತಿರುಗಿ ಆಟಗಾರರನ್ನು ನೋಡಿ ಬರುವವರು) ಮಾತ್ರ ತಮ್ಮ ನೋಟ್‌ಬುಕ್ ತಿರುವಿ ಹಾಕಿದರು.

“ನವೆಂಬರ್? ಏಪ್ರಿಲ್‌ನಲ್ಲಿ ಮ್ಯಾಚ್ ಮುಗಿದ ಮೇಲೆ ಇವನ ಮುಖಕ್ಕೆ ಶೇವಿಂಗ್ ಕ್ರೀಮ್ ಬಳಿದು ಹ್ಯಾಪಿ ಬರ್ತ್‌ಡೇ ಹಾಡಿದ್ರಲ್ಲ, ನಾನಲ್ಲೇ ಇದ್ದೆ.”

ಕುರ್ಚಿಗೆ ಬಂದು ಫೈಲ್ ತೆರೆದೆ. ಅವನು ಇನ್ನೂ ಚಿಕ್ಕವನಿದ್ದಾಗ ನಮ್ಮ ಕ್ಲಬ್ಬಿನವರು ಅವನ ದೇಶದಲ್ಲಿ ಮಾಡಿಟ್ಟಿದ್ದ ಹಳೆ ಪಟ್ಟಿ ಅದು. ಅದರಲ್ಲಿ 11/04/2004 ಅಂತಿತ್ತು. ಅಲ್ಲಿಯೂ ನಮ್ಮ ಹಾಗೇ ದಿನ ಮೊದಲು, ತಿಂಗಳು ಆಮೇಲೆ. ಏಪ್ರಿಲ್ 11! ಪಟ್ಟಿಗೆಂದು ನಾನು ಬರೆದಿದ್ದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಅದನ್ನು ಅಮೆರಿಕದ ಲೆಕ್ಕದಲ್ಲಿ, ತಿಂಗಳು ಮೊದಲು ಅಂತ ಓದಿತ್ತು. ದಿನ 13 ಅಥವಾ ಹೆಚ್ಚಿದ್ದರೆ ಅಂಥ ತಿಂಗಳೇ ಇಲ್ಲವಲ್ಲ, ಆಗ ತಾನೇ ತಿರುಗಿಸಿಕೊಂಡು ಸರಿಯಾಗಿ ಓದುತ್ತಿತ್ತು. 12ರ ಒಳಗಿನವು ಸುಮ್ನೆ ತಲೆಕೆಳಗಾಗಿದ್ದವು. ಯಾವ ಎರರ್ ಕೂಡ ಬಂದಿರಲಿಲ್ಲ. ಲೀಗ್‌ನ ಫೈಲಿನಲ್ಲಿ ಸರಿಯಾದ ತಾರೀಖೇ ಇತ್ತು, ಆದರೆ ನನ್ನ ಸ್ಕ್ರಿಪ್ಟ್ ಮೊದಲು ನೋಡುತ್ತಿದ್ದುದು ನಮ್ಮ ಫೈಲನ್ನು.

ಸಾಫ್ಟ್‌ವೇರ್ ಹುಡುಗನೊಬ್ಬ, ಅದೂ ಇಂಡಿಯಾದವನು, ದಿನ-ತಿಂಗಳಲ್ಲಿ ಎಡವುವುದೆಂದರೆ ನಾಚಿಕೆಗೇಡು ಅಲ್ವಾ? ಅದರಲ್ಲೂ ನಮ್ಮಪ್ಪನ ಜನ್ಮದಿನ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಅವರ ಕ್ಲಾಸಿನ ಅರ್ಧ ಜನರದ್ದೂ ಅದೇ ತಾರೀಖು. ಬರೆದಿಟ್ಟ ವಯಸ್ಸನ್ನು ಕಣ್ಣುಮುಚ್ಚಿ ನಂಬಬಾರದು ಅಂತ ನನಗೆ ಮನೆಯಲ್ಲೇ ಗೊತ್ತಿರಬೇಕಿತ್ತು. ಬೇಸ್‌ಬಾಲ್‌ಗೂ ಇದು ಹೊಸದಲ್ಲ. ಫಾಸ್ಟೊ ಕಾರ್ಮೋನಾ ಹೆಸರಲ್ಲಿ ವರ್ಷಗಟ್ಟಲೆ ಆಡಿದ ಪಿಚರ್ ನಿಜಕ್ಕೂ ರಾಬರ್ಟೊ ಹೆರ್ನಾಂಡೆಜ್, ಹೇಳಿದ್ದಕ್ಕಿಂತ ಮೂರು ವರ್ಷ ದೊಡ್ಡವನು ಅಂತ 2012ರಲ್ಲಿ ಬಯಲಾಯಿತು. ಅಲ್ಲಿ ಸುಳ್ಳು ಹೇಳಿದ್ದು ಮನುಷ್ಯ. ಇಲ್ಲಿ ಹುಡುಗ ಏನೂ ಮಾಡಿರಲಿಲ್ಲ, ನನ್ನ ಒಂದು ಸಾಲು ಕೋಡ್ ಅವನನ್ನು ಏಳು ತಿಂಗಳು ಚಿಕ್ಕವನನ್ನಾಗಿ ಮಾಡಿತ್ತು.

ಸಂಜೆಯೇ ಬಾಸ್‌ಗೆ ಹೇಳಿದೆ. ಬೈಯಲಿಲ್ಲ. “ಇನ್ನೆಷ್ಟು ಜನರದ್ದು ಹೀಗಿದೆ?” ಅಂದರು. ರಾತ್ರಿ ಎರಡರವರೆಗೆ ಕೂತು ಎಲ್ಲಾ ತಾರೀಖನ್ನೂ ಲೀಗ್ ಫೈಲಿಗೆ ತಾಳೆ ನೋಡಿದೆ. 20 ಆದ ಹುಡುಗ ಆರನೇ ಸ್ಥಾನಕ್ಕೆ ಇಳಿದ. ಬೆಳಿಗ್ಗೆ ಹೊಸ ಪಟ್ಟಿಯನ್ನು ಮೊದಲು ಆ ಸ್ಕೌಟ್ ಮೇಜಿಗೆ ಒಯ್ದೆ. ಅವರು ನೋಡಿ, ನಾಲ್ಕನೆಯವನ ಹೆಸರಿನ ಮೇಲೆ ಬೆರಳಿಟ್ಟು, “ಇವನ ಮೊಣಕಾಲು ನೋಡಿದೀಯಾ?” ಅಂದರು. ಕುರ್ಚಿ ಎಳೆದುಕೊಂಡು ಕೂತೆ.